ಬುಗುರಿ ವಾಪಸ್ ಕೊಟ್ಟ ಹುಡುಗಿ

ಕುಮಾರಸ್ವಾಮಿ ಲೇಔಟ್

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಕೋಟೆಗಳ ಬಗ್ಗೆ ಕೇಳುತ್ತಾರೆ. ನಾನು ಒಂದು ಕೋಟೆಯನ್ನೂ ನೋಡಲಿಲ್ಲ. ಸಮುದ್ರದ ದಂಡೆಯ ಒಂದು ಸಣ್ಣ ಊರಿನ ಶಿಶುವಿಹಾರದಲ್ಲಿ ನಾಲ್ಕು ವಾರ ಆರು ಮಕ್ಕಳ ಪಕ್ಕದಲ್ಲಿ ಕೂತಿದ್ದು, ವಾಪಸ್ ಬಂದೆ.

ನಾನು ಓದುತ್ತಿರುವುದು ಬಾಲ್ಯ ಮತ್ತು ಯುವಜನ ಅಧ್ಯಯನ ಎಂಬ ಎಂ.ಎ. ಇದನ್ನು ನಮ್ಮ ಬೀದಿಯಲ್ಲಿ ವಿವರಿಸುವುದನ್ನು ಎರಡನೇ ಸೆಮಿಸ್ಟರ್ ಹೊತ್ತಿಗೇ ಬಿಟ್ಟುಬಿಟ್ಟಿದ್ದೆ. "ಓ, ಟೀಚರ್ ಆಗ್ತೀಯಾ" ಎಂದರೆ ಹೂಂ ಎನ್ನುತ್ತೇನೆ. "ಮಕ್ಕಳ ಡಾಕ್ಟರಾ" ಎಂದರೆ ಮಾತ್ರ ಅಲ್ಲ ಎನ್ನುತ್ತೇನೆ. ಇಲ್ಲದಿದ್ದರೆ ಮರುದಿನವೇ ಯಾರಾದರೂ ಕೆಮ್ಮುವ ಮಗುವನ್ನು ಎತ್ತಿಕೊಂಡು ಬರುತ್ತಾರೆ.

ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ನಾನು ಆರಿಸಿಕೊಂಡ ವಿಷಯ ಚಿಕ್ಕದು: ಜಗಳವಾಡಿದ ಮಕ್ಕಳು ದೊಡ್ಡವರ ನೆರವಿಲ್ಲದೆ ಮತ್ತೆ ಹೇಗೆ ಒಂದಾಗುತ್ತಾರೆ? ಅರ್ಧ ಭಾಗವನ್ನು ಅಂಜನಾಪುರದ ಒಂದು ಅಂಗನವಾಡಿಯಲ್ಲಿ ಮುಗಿಸಿದ್ದೆ. ಅಲ್ಲಿ ಹೆಬ್ಬೆರಳು ತೋರಿಸಿ ಟೂ ಬಿಟ್ಟವರು, ಊಟದ ಗಂಟೆ ಹೊಡೆಯುವಷ್ಟರಲ್ಲಿ ಎರಡು ಬೆರಳು ಕೂಡಿಸಿ ಸೇ ಆಗಿರುತ್ತಿದ್ದರು. ಇನ್ನರ್ಧ ಬೇರೆ ದೇಶದ್ದಾಗಬೇಕಿತ್ತು. ನಮ್ಮ ವಿಭಾಗಕ್ಕೂ ಸ್ಕಾಟ್ಲೆಂಡಿನ ಆ ಶಿಶುವಿಹಾರಕ್ಕೂ ಒಂದು ಒಪ್ಪಂದವಿತ್ತು. ಹಾಗಾಗಿ ಹೊರಟೆ.

ಹೊರಡುವ ಹಿಂದಿನ ಸಂಜೆ ಅಮ್ಮ ಜಯನಗರ ಫೋರ್ತ್ ಬ್ಲಾಕಿನಿಂದ ಒಂದು ಬಟ್ಟೆಯ ಚೀಲ ತಂದಳು. ಒಳಗೆ ಚನ್ನಪಟ್ಟಣದ ಮರದ ಬುಗುರಿಗಳು, ಕೈಯಲ್ಲೇ ತಿರುಗಿಸಿ ಬಿಡುವಂಥ ಚಿಕ್ಕವು.

"ಇದೆಲ್ಲ ಯಾಕಮ್ಮ?"

"ಮಕ್ಕಳಿರೋ ಕಡೆ ಬರಿಗೈಲಿ ಹೋಗ್ತಾರೇನೇ? ತಿಂಡಿ ಕೊಡಂಗಿಲ್ಲ ಅಂದೆ. ಇದನ್ನೇನು ತಿಂತಾರಾ?"

ನನಗೂ ಸರಿ ಎನಿಸಿತು. ಅಂಜನಾಪುರಕ್ಕೂ ಮೊದಲ ದಿನ ಬಿಸ್ಕತ್ ಪೊಟ್ಟಣ ಹಿಡಿದುಕೊಂಡೇ ಹೋಗಿದ್ದೆ. ಬುಗುರಿಗಳನ್ನು ಸ್ವೆಟರ್‌ಗಳ ನಡುವೆ ತೂರಿಸಿದೆ.

ಮೊದಲ ಸೋಮವಾರ

ಬನಶಂಕರಿ ನಿಲ್ದಾಣದಲ್ಲಿ ಬಸ್ಸು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಇರುವುದಿಲ್ಲ; ಎಲ್ಲಿ ನಿಲ್ಲುತ್ತದೆ ಎಂಬುದಷ್ಟೇ ಪ್ರಶ್ನೆ. ಈ ಊರಿನಲ್ಲಿ ಬಸ್ಸು ಗೆರೆ ಎಳೆದ ಜಾಗದಲ್ಲೇ ನಿಲ್ಲುತ್ತದೆ, ಆದರೆ ಕೈ ಚಾಚಿದವರಿಗೆ ಮಾತ್ರ. ಒಬ್ಬಳೇ ಸಂಕೋಚದಿಂದ ನಿಂತಿದ್ದ ನನ್ನನ್ನು ನೋಡಿ, ನನ್ನ ಖಾಸಗಿತನವನ್ನು ಗೌರವಿಸುವವನಂತೆ ಡ್ರೈವರ್ ಮುಂದೆ ಹೋದ. ಮುಂದಿನ ಬಸ್ಸಿಗೆ ಕೈ ಚಾಚಿದೆ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆಂದು ಕಂಡಿತು. ಮನಸ್ಸಿನಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಕೊಂಡೆ. ನನ್ನ ಸರದಿ ಬಂದಾಗ ದನಿಯೇ ಹೊರಡಲಿಲ್ಲ.

ಶಿಶುವಿಹಾರದ ಮುಖ್ಯಸ್ಥೆ ಐಲ್ಸಾ ಗೇಟಿನಲ್ಲೇ ಸಿಕ್ಕರು. ಅರವತ್ತರ ಹತ್ತಿರದ, ಗಿಡ್ಡ ಕೂದಲಿನ, ಯಾವಾಗಲೂ ಮಳೆಯ ಪ್ಯಾಂಟಿನಲ್ಲೇ ಇರುವ ಹೆಂಗಸು. ಮಕ್ಕಳು ದಿನದ ಹೆಚ್ಚು ಹೊತ್ತು ಹೊರಗೇ ಇರುತ್ತಾರೆ. ತುಂತುರು ಬಿದ್ದರೆ ನಾವು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತೇವೆ. ಇವರು ಬೂಟು ಹಾಕಿಸಿ ಆಚೆ ಕಳಿಸುತ್ತಾರೆ.

ನನಗೆ ಒಪ್ಪಿಸಿದ ಆರು ಮಕ್ಕಳಿಗೆ ನಾಲ್ಕೈದು ವರ್ಷ. ತಂದೆತಾಯಿಯರ ಸಹಿ ಮೊದಲೇ ಆಗಿತ್ತು. ಆದರೆ ನಮ್ಮ ಅಧ್ಯಯನದಲ್ಲಿ ಅದು ಸಾಲದು. ಒಂದು ಮಗುವನ್ನು ಗಮನಿಸಿ ಬರೆಯಬೇಕಾದರೆ ಆ ಮಗುವನ್ನೂ ಕೇಳಬೇಕು. ಬೇಡ ಎಂದರೆ ಬೇಡ. ಯಾಕೆ ಎಂದು ಕೇಳುವಂತಿಲ್ಲ. ಅದಕ್ಕಾಗಿ ನನ್ನ ಬಳಿ ಒಂದೊಂದು ಮಗುವಿಗೂ ಒಂದೊಂದು ಹಾಳೆ ಇತ್ತು. ಅದರಲ್ಲಿ ನಗುವ ಮುಖ ಒಂದು, ಬೇಡವೆಂದು ತಲೆಯಾಡಿಸುವ ಮುಖ ಒಂದು. ಮಗು ಬಣ್ಣದ ಪೆನ್ಸಿಲ್ಲಿನಿಂದ ಒಂದರ ಮೇಲೆ ಗೀಟು ಎಳೆಯಬೇಕು.

ನಾನು ಮೊದಲು ಬುಗುರಿ ಹಂಚಿದೆ. ಮರದ ಮೇಜಿನ ಮೇಲೆ ಆರು ಬಣ್ಣ ಒಟ್ಟಿಗೆ ತಿರುಗಿದವು. ಆ ಸಂಭ್ರಮದಲ್ಲೇ ಹಾಳೆ ತೆಗೆದು, "ನೀವು ಆಡೋದನ್ನ ನಾನು ನೋಡಿ ಬರೀಬಹುದಾ?" ಎಂದು ಕೇಳಿದೆ. ಆರೂ ನಗುವ ಮುಖಗಳ ಮೇಲೆ ಗೀಟು ಬಿತ್ತು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ನಾಕು ವರ್ಷದ ಮಗುನ ಕೇಳೋದೇನೇ! ಬೆಳಗ್ಗೆ ಎದ್ರೆ ಹಲ್ಲುಜ್ಜಲ್ಲ ಅನ್ನುತ್ತೆ. ಅದನ್ನೂ ಕೇಳ್ತಾರಂತಾ?"

"ಅದು ಬೇರೆ ಅಮ್ಮ."

"ಏನೋಪ್ಪ. ಬುಗುರಿ ಇಷ್ಟ ಆಯ್ತಲ್ಲ? ನಾನು ಹೇಳ್ಲಿಲ್ವಾ?"

ಮಂಗಳವಾರ

ಮರುದಿನ ಬೆಳಿಗ್ಗೆ ಆರು ಮಕ್ಕಳಲ್ಲಿ ಒಬ್ಬ ಹುಡುಗಿ ನೇರ ನನ್ನ ಹತ್ತಿರ ಬಂದಳು. ತುಂಬಾ ಕಡಿಮೆ ಮಾತಿನವಳು. ಜಾಕೆಟ್ಟಿನ ಜೇಬಿನಿಂದ ಹಳದಿ ಬುಗುರಿ ತೆಗೆದು ನನ್ನ ಮುಂದೆ ಹಿಡಿದಳು.

"ತಗೋ. ನನ್ನ ಬಗ್ಗೆ ಬರೆಯೋದು ಬೇಡ."

"ಬೇಡ ಅಂದ್ರೆ ಬರೆಯಲ್ಲ. ಬುಗುರಿ ನಿನ್ನದೇ, ಇಟ್ಕೋ."

"ಬರೆಯೋಕೆ ತಾನೇ ಕೊಟ್ಟಿದ್ದು?"

ಅವಳು ಬುಗುರಿಯನ್ನು ನನ್ನ ಪಕ್ಕದ ಮರದ ದಿಮ್ಮಿಯ ಮೇಲಿಟ್ಟು, ಉರುಳದಂತೆ ಒಂದು ಚಿಕ್ಕ ಕಲ್ಲು ಒತ್ತುಕೊಟ್ಟು ಹೋದಳು.

ಐಲ್ಸಾ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದರು. ಬೈಯಲಿಲ್ಲ. ಚಹಾದ ಮಗ್ ನನ್ನ ಕೈಗೆ ಕೊಟ್ಟು, "ನೀನು ಕೊಟ್ಟು ಆಮೇಲೆ ಕೇಳಿದೆ, ಅಲ್ವಾ?" ಎಂದರಷ್ಟೆ.

"ನಮ್ಮಲ್ಲಿ ಮಕ್ಕಳಿರುವ ಕಡೆ ಬರಿಗೈಯಲ್ಲಿ ಹೋಗುವುದಿಲ್ಲ" ಎಂದೆ. ನನ್ನ ಕಿವಿಗೇ ಅದು ಸಬೂಬಿನಂತೆ ಕೇಳಿತು.

"ಒಳ್ಳೆಯ ಪದ್ಧತಿ. ನೆಂಟಳಾಗಿ ಬಂದಿದ್ದರೆ ನಾನೇ ಒಂದು ಬುಗುರಿ ಕೇಳುತ್ತಿದ್ದೆ. ಆದರೆ ನೀನು ಬಂದದ್ದು ಅವರಿಂದ ಏನೋ ಬೇಕಾಗಿ. ಉಡುಗೊರೆ ಕೈಯಲ್ಲಿರುವ ಮಗು ಬೇಡ ಅನ್ನೋದು ಹೇಗೆ?"

ಆರು ಹಾಳೆಗಳನ್ನೂ ಹರಿದು ಹಾಕಬೇಕಾಯಿತು. ಬೆಂಗಳೂರಿನಲ್ಲಿರುವ ನಮ್ಮ ಗೈಡ್ ಸುಮಿತ್ರಾ ಮೇಡಂಗೆ ಕರೆ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ದೊಡ್ಡದಾಗಿ ಉಸಿರು ಬಿಟ್ಟರು.

"ಎಂಥ ಕೆಲಸ ಮಾಡ್ಕೊಂಡೆ ಕಣಮ್ಮಾ. ನೋಡು, ಎರಡು ವಾರ ಸುಮ್ನೆ ಇರು. ಬುಗುರಿ ಹಳೇದಾಗ್ಲಿ. ಆಮೇಲೆ ಬರಿಗೈಲಿ ಕೇಳು. ಅಲ್ಲಿವರ್ಗೂ ಒಂದಕ್ಷರ ಬರೀಬೇಡ."

"ಮೇಡಂ, ಎಷ್ಟು ಮಕ್ಕಳು ಬೇಕೇ ಬೇಕು?"

"ನಾಲ್ಕು. ಕೊನೇ ವಾರ ಪೂರ್ತಿ ನೋಡಿರೋ ನಾಲ್ಕು ಮಕ್ಕಳು. ಅದಕ್ಕಿಂತ ಕಮ್ಮಿ ಆದ್ರೆ ಅದು ಪ್ರಾಜೆಕ್ಟ್ ಅಲ್ಲ, ಪ್ರವಾಸ. ವರ್ಷ ಹೋಗುತ್ತೆ, ಗೊತ್ತಲ್ಲ?"

ಗೊತ್ತಿತ್ತು. ಆ ಮಧ್ಯಾಹ್ನ ಹಳದಿ ಬುಗುರಿಯನ್ನು ಹುಡುಗಿಯ ಜಾಕೆಟ್ ತೂಗುಹಾಕುವ ಮೊಳೆಯ ಕೆಳಗಿಟ್ಟು, "ಇದು ಸುಮ್ಮನೆ ಕೊಟ್ಟಿದ್ದು. ನೀನು ಏನೂ ಕೊಡಬೇಕಾಗಿಲ್ಲ" ಎಂದೆ. ಅವಳು ನನ್ನನ್ನೂ ಬುಗುರಿಯನ್ನೂ ನೋಡಿದಳು. ಮುಟ್ಟಲಿಲ್ಲ.

ಸುಮ್ಮನೆ ಕೂತ ಎರಡು ವಾರ

ಬರೆಯದೆ ಮಕ್ಕಳ ಜೊತೆ ಕೂರುವುದು ನನಗೆ ಗೊತ್ತಿರಲಿಲ್ಲ. ಮೊದಲ ದಿನಗಳಲ್ಲಿ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಐಲ್ಸಾ ಒಂದು ಬುಟ್ಟಿ ಬಟಾಣಿ ಕೊಟ್ಟರು. ಬಿಡಿಸುತ್ತಾ ಕೂತೆ. ಜಯನಗರದ ನಮ್ಮ ಚಿಕ್ಕಮ್ಮನ ಮನೆಯ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಂತೆಯೇ ಇತ್ತು. ಮಕ್ಕಳು ಬಂದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಓಡುವುದೂ ಹಾಗೆಯೇ.

ಒಂದು ದಿನ ಗುಂಪಿನ ಅತಿ ಗಟ್ಟಿಮುಟ್ಟಾದ ಹುಡುಗ ಓಡುತ್ತಾ ಬಂದು ನನ್ನ ಕಾಲ ಬಳಿಯೇ ಮುಗ್ಗರಿಸಿ ಬಿದ್ದ. ಇವನು ಆಮೇಲೆ ಬರಹದಲ್ಲಿ ತನ್ನನ್ನು ಟ್ರ್ಯಾಕ್ಟರ್ ಎಂದೇ ಕರೆಯಬೇಕು ಎಂದ, ಹಾಗೆಯೇ ಕರೆಯುತ್ತೇನೆ. ಟ್ರ್ಯಾಕ್ಟರ್ ಬಾಯಿ ತೆರೆದು ಅಳಲು ಶುರುಮಾಡಿದ. ಅಲ್ಲಿನ ಟೀಚರ್‌ಗಳು ಬಿದ್ದ ಮಗುವಿನ ಹತ್ತಿರ ಹೋಗಿ ಕೂರುತ್ತಾರೆ. ಅದು ತಾನಾಗಿ ಕೈ ಚಾಚಿದರೆ ಮಾತ್ರ ಎತ್ತಿಕೊಳ್ಳುತ್ತಾರೆ. ನನಗೆ ಅದು ನೆನಪಾಗುವ ಮೊದಲೇ ಕೈ ಮುಂದೆ ಹೋಗಿತ್ತು. ನೆಲಕ್ಕೆ ಪಟಪಟನೆ ಎರಡು ಏಟು ಬಿಟ್ಟು, ಅಚ್ಚ ಕನ್ನಡದಲ್ಲಿ, "ನಮ್ಮ ಹುಡುಗನ್ನ ಬೀಳಿಸ್ತೀಯಾ? ತಗೋ! ಇನ್ನೊಂದ್ಸಲ ಬೀಳಿಸ್ತೀಯಾ?" ಎಂದೆ.

ಅಳು ನಿಂತಿತು. ಟ್ರ್ಯಾಕ್ಟರ್ ಕಣ್ಣರಳಿಸಿ ನೆಲವನ್ನು ನೋಡಿದ. "ಇನ್ನೊಂದು ಸಲ ಹೊಡಿ" ಎಂದ. ಹೊಡೆದೆ. ಅವನೂ ಹೊಡೆದ. ಐದು ನಿಮಿಷದಲ್ಲಿ ಮಕ್ಕಳೆಲ್ಲ ಕೆಸರಿಗೆ ಏಟು ಹಾಕುತ್ತಿದ್ದರು. ಐಲ್ಸಾ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಪಾಪ, ಈ ದೇಶದ ನೆಲಕ್ಕೆ ಇದೆಲ್ಲ ಅಭ್ಯಾಸವಿಲ್ಲ" ಎಂದರು.

ಹೊಡೆಯದೆ ನಿಂತಿದ್ದವಳು ಆ ಹುಡುಗಿ ಒಬ್ಬಳೇ. ಗದ್ದಲವೆಲ್ಲ ಅಡಗಿದ ಮೇಲೆ ನನ್ನ ಪಕ್ಕ ಬಂದು ನಿಂತಳು.

"ನೆಲದ ತಪ್ಪಲ್ಲ. ಅವನು ಓಡ್ತಿದ್ದ."

"ಹೌದು" ಎಂದೆ. "ಆದ್ರೆ ಅವನಿಗೆ ಅಳು ಬಂದಿತ್ತಲ್ಲ."

ಅವಳು ಬಗ್ಗಿ, ನಾನು ಏಟು ಹಾಕಿದ್ದ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದಳು. ನನ್ನ ಬುಟ್ಟಿಯಿಂದ ಒಂದು ಬಟಾಣಿಕಾಯಿ ಎತ್ತಿಕೊಂಡು ನನ್ನ ಹತ್ತಿರವೇ ಕೂತು ಬಿಡಿಸತೊಡಗಿದಳು.

ಅಂದಿನಿಂದ ದಿನವೂ ಅಷ್ಟು ಹೊತ್ತು ಕೂರುತ್ತಿದ್ದಳು. ಮಾತು ಇರುತ್ತಿರಲಿಲ್ಲ. ನಾನೂ ಬಾಯಿ ಬಡುಕಿಯಲ್ಲ, ಇಬ್ಬರಿಗೂ ಸರಿಹೋಯಿತು. ಅಂಜನಾಪುರದ ಮಕ್ಕಳು ಪದೇ ಪದೇ ನೆನಪಾಗುತ್ತಿದ್ದರು. ಅಲ್ಲಿ ಅಳುವ ಮಗು ಯಾರ ಮಡಿಲಿಗೆ ಬೇಕಾದರೂ ಹೋಗಿ ಬೀಳಬಹುದಿತ್ತು. ಮಡಿಲು ಸಿಗುತ್ತದೆಯೇ ಎಂಬ ಅನುಮಾನ ಯಾವ ಮಗುವಿಗೂ ಇರಲಿಲ್ಲ. ಅದು ದೊಡ್ಡ ಭಾಗ್ಯ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಟೀಚರ್, "ಅಕ್ಕ ನಿಮ್ ಬಗ್ಗೆ ಬರೀತಾರೆ, ಹೂಂ ಅನ್ನಿ" ಎಂದಾಗ ಇಪ್ಪತ್ತು ಬಾಯಿ ಬಿಸ್ಕತ್ತಿನ ಚೂರಿನ ಜೊತೆ "ಹೂಂ ಅಕ್ಕಾ" ಎಂದಿದ್ದವು. ಅದರಲ್ಲಿ ಒಂದು ಮಗುವಿಗಾದರೂ ಬೇಡ ಎನ್ನುವ ಮನಸ್ಸಿತ್ತೇನೋ. ನಾನು ಮುಖಗಳನ್ನು ನೋಡಿರಲಿಲ್ಲ. ಬರೆದುಕೊಳ್ಳುತ್ತಿದ್ದೆ.

ಮೂರನೇ ವಾರ

ಸೋಮವಾರ ಬರಿಗೈಯಲ್ಲಿ ಹೊಸ ಹಾಳೆ ಹಿಡಿದು ಒಬ್ಬೊಬ್ಬರನ್ನೇ ಕೇಳಿದೆ. ಬೇಡ ಎಂದರೂ ಬುಗುರಿ ಅವರದೇ, ನಾನು ಬಟಾಣಿ ಬಿಡಿಸುತ್ತಾ ಪಕ್ಕದಲ್ಲೇ ಇರುತ್ತೇನೆ ಎಂದು ಮೊದಲೇ ಹೇಳಿದೆ.

ಟ್ರ್ಯಾಕ್ಟರ್ ಪೂರ್ತಿ ಕೇಳಿಸಿಕೊಳ್ಳದೆಯೇ ಗೀಟು ಎಳೆದ. ಇನ್ನಿಬ್ಬರು ಒಪ್ಪಿದರು. ಇಬ್ಬರು ತಲೆಯಾಡಿಸುವ ಮುಖದ ಮೇಲೆ ಗೀಟು ಎಳೆದು ಖುಷಿಯಾಗಿ ಆಡಲು ಹೋದರು. ಹುಡುಗಿ ಹಾಳೆಯನ್ನು ಬಹಳ ಹೊತ್ತು ನೋಡಿ ನನಗೆ ವಾಪಸ್ ಕೊಟ್ಟಳು.

"ಇನ್ನೂ ಗೊತ್ತಿಲ್ಲ."

ಮೂರು ಮಕ್ಕಳು. ನಾಲ್ಕನೆಯದು ಇನ್ನೂ ಗೊತ್ತಿಲ್ಲ.

ಸಂಜೆ ಅಮ್ಮನ ಫೋನ್ ಬಂತು. "ಚೂರು ಪುಸಲಾಯಿಸೇ. ಬಂಗಾರ, ಪುಟ್ಟಿ ಅಂತ ಹೇಳು. ವರ್ಷ ಹೋಗೋದು ಅಂದ್ರೆ ಹುಡುಗಾಟಾನಾ? ಅಪ್ಪಾಜಿ ಊಟ ಸರಿಯಾಗಿ ಮಾಡ್ತಿಲ್ಲ."

"ಪುಸಲಾಯಿಸೋ ಹಾಗಿಲ್ಲ ಅಮ್ಮ."

"ನಿನ್ನನ್ನ ನಾವು ಹಂಗೇ ಬೆಳೆಸಿದ್ದು. ಏನಾಗಿದೆ ನಿಂಗೆ?"

ಏನೂ ಆಗಿಲ್ಲ ಎಂದೆ. ಕರೆ ಮುಗಿದ ಮೇಲೆ, ಪುಸಲಾಯಿಸಿದ್ದಕ್ಕೆ ಹೂಂ ಎಂದ ಎಷ್ಟೋ ಸಂಗತಿಗಳು ಸಾಲಾಗಿ ನೆನಪಾದವು. ಯಾವುದೂ ದೊಡ್ಡದಲ್ಲ. ಇಲ್ಲಿ ಬರೆಯುವಂಥದ್ದೂ ಅಲ್ಲ.

ಬುಧವಾರ ಮಧ್ಯಾಹ್ನ, ಸೌದೆ ಒಟ್ಟುವ ಶೆಡ್ಡಿನ ಹಿಂದೆ, ನಾನು ಒಂದು ಸಂಗತಿ ಕಂಡೆ. ಅಲ್ಲಿ ಹುಡುಗಿ ಒಬ್ಬಳೇ ಇದ್ದಳು. ಯಾರಿಗೂ ನೋವಾಗುವಂಥದ್ದು, ಐಲ್ಸಾಗೆ ಹೇಳಲೇಬೇಕಾದಂಥದ್ದು ಏನೂ ಅಲ್ಲ. ಅದನ್ನು ನನ್ನ ಮನಸ್ಸಿನಲ್ಲೇ ಎರಡೆರಡು ಸಲ ಪರೀಕ್ಷಿಸಿದೆ. ದೊಡ್ಡವರ ಕಣ್ಣಿಗೆ ಅದು ಸಂಗತಿಯೇ ಅಲ್ಲ. ಅವಳಿಗೆ ಮಾತ್ರ ಬಹಳ ಸ್ವಂತದ್ದು. ತಿರುಗಿದಾಗ ನನ್ನನ್ನು ಕಂಡಳು. ನಾನು ಸದ್ದಿಲ್ಲದೆ ಹಿಂದೆ ಸರಿದೆ.

ಆದರೆ ರೂಮಿಗೆ ಬಂದವಳೇ ನನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದೆ. ಇದು ಪ್ರಾಜೆಕ್ಟಿಗಲ್ಲ, ಕನ್ನಡದಲ್ಲಿದೆ, ನನ್ನದು ಎಂದುಕೊಂಡು ಬರೆದೆ. ಸೊಗಸಾಗಿ ಬಂದಿತ್ತು. ನನ್ನ ನಾಲ್ಕು ವಾರಗಳಲ್ಲೇ ಅಷ್ಟು ಚೆನ್ನಾಗಿ ಇನ್ನಾವುದನ್ನೂ ಬರೆಯಲಿಲ್ಲ.

ಗುರುವಾರವೂ ಶುಕ್ರವಾರವೂ ಅವಳು ಬಟಾಣಿ ಬಿಡಿಸಲು ಬರಲಿಲ್ಲ.

ಕೊನೆಯ ವಾರದ ಸೋಮವಾರ

ಅಂದು ಅವಳು ಹೂಂ ಎನ್ನದಿದ್ದರೆ ಮುಗಿಯಿತು. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಅಂಗಳದಲ್ಲೆಲ್ಲ ನೀರು ನಿಂತಿತ್ತು. ನಾನು ದಿಮ್ಮಿಯ ಮೇಲೆ ಕೂತಿದ್ದೆ. ಬಟಾಣಿ ಸಹ ಇರಲಿಲ್ಲ. ಹುಡುಗಿ ಬಂದು ನನ್ನ ಚೀಲದ ಕಡೆ ಬೆರಳು ತೋರಿಸಿದಳು.

"ಶೆಡ್ಡಿನ ಹಿಂದೆ ನೋಡಿದ್ದು, ಅದನ್ನ ಬರೆದೆಯಾ?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಆ ಊರಿನಲ್ಲಿ ಕನ್ನಡ ಓದಬಲ್ಲವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಇಲ್ಲ ಎಂದರೆ ಅವಳು ಬಹುಶಃ ನಗುವ ಮುಖದ ಮೇಲೆ ಗೀಟು ಎಳೆಯುತ್ತಿದ್ದಳು. ಹೌದು ಎಂದರೆ ಅವಳು ನನ್ನ ಕಡೆ ಇನ್ನೊಮ್ಮೆ ತಿರುಗದೇ ಹೋಗಬಹುದಿತ್ತು, ಜೊತೆಗೆ ನನ್ನ ವರ್ಷವೂ ಹೋಗಬಹುದಿತ್ತು.

"ಬರೆದೆ" ಎಂದೆ. "ನಿನ್ನನ್ನ ಕೇಳದೆ ಬರೆದೆ. ತಪ್ಪು ಮಾಡಿದೆ."

"ತೋರಿಸು."

ನೋಟ್‌ಬುಕ್ ತೆರೆದು ಆ ಪುಟ ತೋರಿಸಿದೆ. ಗುಂಡು ಗುಂಡು ಅಕ್ಷರಗಳ ಮೇಲೆ ಅವಳ ಬೆರಳು ಓಡಾಡಿತು.

"ಅಳಿಸು."

"ಇದು ಪೆನ್ನಿಂದು. ಅಳಿಸೋಕಾಗಲ್ಲ."

ಅವಳು ಆ ಪುಟದ ಮೇಲಿಂದ ಬೆರಳು ತೆಗೆಯಲಿಲ್ಲ. ನಾನು ಪುಟ ಹರಿದೆ. ಹರಿಯುವಾಗ ಒಂದು ಕ್ಷಣ ಕೈ ತಡೆಯಿತು, ಅದನ್ನೂ ಅವಳು ಗಮನಿಸಿದಳು ಎನಿಸುತ್ತದೆ. ಹಾಳೆ ತೆಗೆದುಕೊಂಡು ಹೋಗಿ ಅಂಗಳದ ಅತಿ ದೊಡ್ಡ ನೀರಿನ ಗುಂಡಿಗೆ ಹಾಕಿದಳು. ಬೂಟುಗಾಲಿನಲ್ಲಿ ತುಳಿದಳು. ಕುಣಿಯುತ್ತಾ ಅಲ್ಲ, ಕೆಲಸ ಮುಗಿಸುವವರಂತೆ, ಒಂದೊಂದೇ ಹೆಜ್ಜೆ, ಮೂಲೆಯಿಂದ ಮೂಲೆಗೆ. ನೀರು ಮೊದಲು ತಿಳಿ ನೀಲಿಯಾಗಿ ಆಮೇಲೆ ಕೆಸರಿನ ಬಣ್ಣಕ್ಕೇ ತಿರುಗಿತು. ಬಾಗಿಲಲ್ಲಿ ನಿಂತಿದ್ದ ಐಲ್ಸಾ ಏನು ಎಂದು ಕೇಳಲಿಲ್ಲ.

ಹುಡುಗಿ ವಾಪಸ್ ಬಂದಳು. ಪ್ಯಾಂಟೆಲ್ಲ ಒದ್ದೆ.

"ಈಗ ಕೇಳು."

ನಾನು ಮಂಡಿಯೂರಿ ಕೇಳಿದೆ. "ಈ ವಾರ ನೀನು ಆಡೋದನ್ನ ನಾನು ನೋಡಿ ಬರೀಬಹುದಾ?"

"ಅದನ್ನ ಬಿಟ್ಟು."

"ಅದನ್ನ ಬಿಟ್ಟು."

"ನಿನ್ನ ಊರಲ್ಲೂ ಹೇಳಬಾರದು."

"ಉಳಿದದ್ದು ಹೇಳಬಹುದಾ? ಬುಗುರಿದು, ನೆಲಕ್ಕೆ ಹೊಡೆದಿದ್ದು, ಈಗ ಇಲ್ಲಿ ಆಗಿದ್ದು?"

ಯೋಚಿಸಿ ಹೂಂ ಎಂದಳು. ಐಲ್ಸಾ ಬಣ್ಣದ ಪೆನ್ಸಿಲ್ಲಿನ ಡಬ್ಬಿ ತಂದುಕೊಟ್ಟರು. ಹುಡುಗಿ ಹಸಿರು ಆರಿಸಿಕೊಂಡು, ನಗುವ ಮುಖದ ಮೇಲೆ ಕಣ್ಣು ಮೂಗು ಮುಚ್ಚದ ಹಾಗೆ ಪಕ್ಕದಲ್ಲಿ ಒಂದು ಚಿಕ್ಕ ಗೀಟು ಎಳೆದಳು.

"ಬರಹದಲ್ಲಿ ನಿನಗೆ ಯಾವ ಹೆಸರು ಬೇಕು? ಅವನು ಟ್ರ್ಯಾಕ್ಟರ್ ಅಂತ ಇಟ್ಕೊಂಡಿದ್ದಾನೆ."

"ಹುಡುಗಿ ಅಂತ ಬರಿ. ಹುಡುಗಿಯರು ತುಂಬ ಇದ್ದಾರೆ. ಯಾರಿಗೂ ಗೊತ್ತಾಗಲ್ಲ."

ಆ ಸಂಜೆ ಬಸ್ಸಿನಿಂದ ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿರಬೇಕು. ಆತ ಬೆಚ್ಚಿ ತಿರುಗಿ ನೋಡಿದ. ಸುಮಿತ್ರಾ ಮೇಡಂಗೆ "ನಾಲ್ಕು" ಎಂದಷ್ಟೇ ಮೆಸೇಜ್ ಕಳಿಸಿದೆ. ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಒಂದನ್ನು ಬಿಟ್ಟು.

"ನಂಗಾದ್ರೂ ಹೇಳೇ. ನಾನ್ಯಾರಿಗೆ ಹೇಳ್ತೀನಿ?"

"ಚಿಕ್ಕಮ್ಮಂಗೆ."

ಅಮ್ಮ ನಕ್ಕಳು. "ಸರಿ ಬಿಡು. ಮಗು ಬೇಡ ಅಂದಿದೆಯಲ್ಲ" ಎಂದಳು. ಅಪ್ಪಾಜಿಗೆ ಊಟಕ್ಕೆ ಬಡಿಸಬೇಕೆಂದು ಫೋನ್ ಇಟ್ಟಳು.

ಮಂಗಳವಾರ

ಬೆಳಿಗ್ಗೆ ಒಂದೇ ಕೈಗಾಡಿಗಾಗಿ ಜಗಳ ಶುರುವಾಯಿತು. ಟ್ರ್ಯಾಕ್ಟರ್ ಒಂದು ಹಿಡಿಕೆ ಎಳೆಯುತ್ತಿದ್ದ, ಹುಡುಗಿ ಇನ್ನೊಂದನ್ನು. ಗಾಡಿಯಲ್ಲಿದ್ದ ಮರಳೆಲ್ಲ ಚೆಲ್ಲಿತು. ಅವನು ಅರಚಿದ, ಅವಳು ಅರಚಲಿಲ್ಲ, ಬಿಡಲೂ ಇಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿ, ಮುಚ್ಚಿದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಯಾಕೋ ತೆರೆಯಲು ಇನ್ನೂ ಧೈರ್ಯ ಬಂದಿರಲಿಲ್ಲ.

ಹುಡುಗಿ ಹಿಡಿಕೆ ಬಿಡದೆಯೇ ಕತ್ತು ಮಾತ್ರ ತಿರುಗಿಸಿ ನನ್ನನ್ನು ಹುಡುಕಿದಳು.

"ಇದನ್ನ ಬರೀಬಹುದು" ಎಂದು ಕೂಗಿ ಹೇಳಿ, ಮತ್ತೆ ಎಳೆಯತೊಡಗಿದಳು.

ನಾನು ಪೆನ್ನಿನ ಮುಚ್ಚಳ ತೆಗೆದೆ.